400 ಕಿಲೋಮೀಟರ್ ಹೋಗಿ 402 ಮೀಟರ್ ಓಡ್ಸಿ ವಾಪಸ್ ಬರಾಕ ಮಸ್ಟ್ಯಾಂಗ್ ತಯಾರ ಮಾಡೂದು ಹೆಂಗ

ಬೆಳಗಾವಿಯಿಂದ ಲೋಣಾವಳಾ ಕಡೆ ಆ್ಯಂಬಿ ವ್ಯಾಲಿ ಏರ್‌ಸ್ಟ್ರಿಪ್‌ಗೆ ಹೆಚ್ಚುಕಡಿಮಿ 400 ಕಿಲೋಮೀಟರ್ ಐತಿ. ಅಲ್ಲಿ ವ್ಯಾಲಿ ರನ್ ಡ್ರ್ಯಾಗ್‌ನಾಗ, ಅಂದ್ರ ನಿಂತಲ್ಲಿಂದ ನೇರ ಓಡ್ಸೋ ಪಂದ್ಯದಾಗ, ಓಡೂದು ಕಾಲು ಮೈಲು, ಅಂದ್ರ 402 ಮೀಟರ್. ಅಷ್ಟು ದೂರ ಹೋಗಿ ಅಷ್ಟ ಓಡ್ಸಿ, ಮತ್ತ ಅದ ಗಾಡ್ಯಾಗ ಎಸಿ ಹಾಕ್ಕೊಂಡು ಮನಿಗೆ ಬರಬೇಕು, ಮರುದಿನ ಅದ ಗಾಡಿ ತಿಲಕವಾಡ್ಯಾಗ ಕಾಯಿಪಲ್ಲೆ ತರಾಕ ಹೋಗಬೇಕು, ಇದು ನಮ್ಮ ಲೆಕ್ಕ. ಟ್ರಕ್ ಮ್ಯಾಲ ಗಾಡಿ ಹೇರ್ಕೊಂಡು ಹೋಗೋರಿಗೆ ಈ ಬರಹ ಅಲ್ರಿ, ಅವ್ರ ರೊಕ್ಕನ ಬ್ಯಾರೆ ಅವ್ರ ಗಾಡಿನ ಬ್ಯಾರೆ.

ನಾನು ಬೆಳಗಾವಿ ಇಂಡಸ್ಟ್ರಿಯಲ್ ಏರಿಯಾ ಉದ್ಯಮಬಾಗದಾಗ ಎರಡು ಲೇಥ್ ಇಟ್ಕೊಂಡು ಕುಂತಾವ, ಹೈಡ್ರಾಲಿಕ್ ಸಿಲಿಂಡರಿನ ಪಾರ್ಟ್ ತಿರುವೂದು ನಮ್ಮ ದಂಧೆ. ಗಾಡಿ ನಂದಲ್ಲ, ನಮ್ಮ ಕಾಕಾನ ಮಗಂದು, ಸೆಕೆಂಡ್ ಹ್ಯಾಂಡ್ ತಗೊಂಡ ಮಸ್ಟ್ಯಾಂಗ್ ಜಿಟಿ. ಫೋರ್ಡ್‌ನವ್ರು 2016ರಾಗ ಇಂಡಿಯಾಕ್ಕ ತಂದ್ರಲ್ಲ ಅದ, 5 ಲೀಟರ್ ವಿ8, ಆರು ಗೇರ್ ಆಟೊಮ್ಯಾಟಿಕ್. ಅಮೆರಿಕಾದಾಗ ಅದ ಇಂಜಿನ್ 435 ಹಾರ್ಸ್‌ಪವರ್, ನಮಗ ಕೊಟ್ಟದ್ದು 401 ಪಿಎಸ್ (ಹತ್ರಹತ್ರ ಹಾರ್ಸ್‌ಪವರಿನಷ್ಟ ಅಳತಿ), 515 ನ್ಯೂಟನ್ ಮೀಟರ್. ಇದನ್ನ ಕೇಳಿದ ಕೂಡ್ಲೆ ಎಲ್ಲಾರೂ ಆ ಹೋದ ಹಾರ್ಸ್‌ಪವರ್ ವಾಪಸ್ ತರ್ತೀನಿ ಅಂತ ಹೊಂಡ್ತಾರ, ನಾವೂ ಹಂಗ ಹೊಂಟಿದ್ವಿ, ರೊಕ್ಕ ಕಳ್ಕೊಂಡಿದ್ದೂ ಅಲ್ಲೇ.

ಮೊದ್ಲು ಮಾಡಿದ್ದು ಓಪನ್ ಫಿಲ್ಟರ್ ಇಂಟೇಕ್ ಕಿಟ್, ಅಂದ್ರ ಕಂಪನಿಯ ಏರ್ ಫಿಲ್ಟರ್ ಬಾಕ್ಸ್ ತೆಗೆದು ಬಯಲಿಗೆ ಕೂಡ್ಸೋ ಫಿಲ್ಟರ್. ಒಂದು ಅಂಗಡಿಯಾವ ಕೂಡಿಸಿಕೊಟ್ಟ, ಸದ್ದು ಏನ್ ಬರ್ತಿತ್ರಿ ಅಂತೀರಿ, ಎಕ್ಸಲರೇಟರ್ ತುಳಿದ್ರ ಹುಲಿ ಉಸಿರು ಎಳದಂಗ. ಮೇ ತಿಂಗಳ ಮಧ್ಯಾಹ್ನ ಚೆನ್ನಮ್ಮ ಸರ್ಕಲ್ ಟ್ರಾಫಿಕ್ಕಿನ್ಯಾಗ ಸಿಕ್ಕೊಂಡಾಗ ಓಬಿಡಿ ಡಾಂಗಲ್ (ಇಂಜಿನ್ ಕಂಪ್ಯೂಟರಿನ ಲೆಕ್ಕ ಫೋನಿನ್ಯಾಗ ತೋರ್ಸೋ ಸಣ್ಣ ಡಬ್ಬಿ) ಹಚ್ಚಿ ನೋಡಿದೆ, ಹೊರಗ 37 ಡಿಗ್ರಿ, ಇಂಜಿನ್ ಎಳೀತಿರೋ ಹವಾ 68 ಡಿಗ್ರಿ. ಕಂಪನಿ ಬಾಕ್ಸ್ ಮುಂದಿನ ಗ್ರಿಲ್ಲಿನಿಂದ ತಣ್ಣಗಿನ ಹವಾ ತಗೋತಿತ್ತು, ಇದು ಬಾನೆಟ್ ಒಳಗಿನ ಕುದಿಯೋ ಹವಾ ಕುಡ್ಯಾಕ ಹತ್ತಿತ್ತು. ಬಿಸಿ ಹವಾ ತೆಳ್ಳಗ, ತೆಳ್ಳಗಿದ್ರ ಪವರ್ ಕಡಿಮಿ, ಮ್ಯಾಲ ನಾಕ್ ಬ್ಯಾರೆ, ಅಂದ್ರ ಸಿಲಿಂಡರಿನ್ಯಾಗ ಪೆಟ್ರೋಲ್ ತನ್ನಷ್ಟಕ್ಕ ತಾನ ಸಿಡಿದು ಬಡಿಯೂದು, ನಾಕ್ ಕೇಳಿದ ಕೂಡ್ಲೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಕಿಡಿ ಹಾರ್ಸೋ ಟೈಮಿಂಗ್ ಹಿಂದಕ್ಕ ಜಗ್ಗತೈತಿ. ಸದ್ದಿಗೆ ಲಕ್ಷಗಟ್ಲೆ ಕೊಟ್ಟು ಗಾಡಿ ನಿಧಾನ ಮಾಡ್ಕೊಂಡ್ವಿ. ಆ ಕಿಟ್ ತೆಗೆದು ಕಂಪನಿ ಬಾಕ್ಸಿಗೆ ಒಂದು ಚಲೋ ಡ್ರಾಪ್-ಇನ್ ಫಿಲ್ಟರ್ ಹಾಕಿದ್ವಿ, ಮುಗೀತು. ಎಣ್ಣಿ ಹಚ್ಚೋ ಫಿಲ್ಟರ್ ಇದ್ರ ಎಣ್ಣಿ ಜಾಸ್ತಿ ಸುರಿಬ್ಯಾಡ್ರಿ, ಅದು ಹಾರಿ ಏರ್‌ಫ್ಲೋ ಸೆನ್ಸರ್ ಮ್ಯಾಲ ಕುಂದರ್ತೈತಿ. ವಿಜಯಪುರ ಕಡೆಯವ್ರು ಧೂಳಿನ ಸೀಜನ್ನಾಗ ಇದನ್ನ ತಿಂಗಳಿಗೊಮ್ಮೆ ತೆಗೆದು ನೋಡ್ರಿ.

ಅದಕ್ಕ ಮೊದಲ ಕೆಲಸ ಡಾಂಗಲ್. ಏನೂ ಬಿಚ್ಚೂ ಮೊದ್ಲು ಸ್ಟಾಕ್, ಅಂದ್ರ ಕಂಪನಿಯಿಂದ ಬಂದಂಗ ಇರೋ, ಗಾಡಿದು ಒಂದು ವಾರದ ಲಾಗ್ ಇಟ್ಕೋರಿ: ಒಳಗ ಹೋಗೋ ಹವಾದ ಟೆಂಪರೇಚರ್, ಕೂಲಂಟ್, ಗೇರ್‌ಬಾಕ್ಸ್ ಎಣ್ಣಿ, ನಾಕ್‌ಗೆ ಎಷ್ಟು ಡಿಗ್ರಿ ಟೈಮಿಂಗ್ ಕಡಿತೈತಿ, ಆಮ್ಯಾಲ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲ್ ಎಷ್ಟು ಹೆಚ್ಚುಕಡಿಮಿ ಮಾಡ್ಕೋತೈತಿ ಅನ್ನೋದು). ಟ್ರಿಮ್ ಐದು ಪರ್ಸೆಂಟ್ ಆಚೆ ಈಚೆ ಇದ್ರ ಚಿಂತಿಲ್ಲ, ಹತ್ತು ದಾಟಿದ್ರ ಎಲ್ಲೋ ಹವಾ ಲೀಕ್ ಐತಿ, ಇಲ್ಲಾ ಸೆನ್ಸರ್ ಹೊಲಸಾಗೇತಿ, ಅದನ್ನ ಸರಿ ಮಾಡದ ಮುಂದ ಹೋಗಬ್ಯಾಡ್ರಿ. ಪವರ್ ಬಂತು ಅಂತ ನಿಮ್ಮ ಬೆನ್ನು ಹೇಳೂದನ್ನ ನಂಬಬ್ಯಾಡ್ರಿ, ಸದ್ದು ಜಾಸ್ತಿ ಆದ್ರ ಬೆನ್ನಿಗೆ ಪವರ್ ಬಂದಂಗ ಅನಸ್ತೈತಿ.

ನಮ್ಮೂರಿನ ಹವಾನೂ ಒಂದು ಕಾರಣ ಐತಿ. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮ್ಯಾಲ. ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಮೂರು ಪರ್ಸೆಂಟ್ ಪವರ್ ಕಳ್ಕೋತೈತಿ, ಅಂದ್ರ 401ರಾಗ ಹತ್ರಹತ್ರ 30 ನಮ್ಮೂರ ಹವಾನ ತಿಂತೈತಿ. ಅದಕ್ಕ ಚೆನ್ನೈದಾಗ ಸಮುದ್ರದ ಹತ್ರ ಓಡ್ಸಿದಾವನ ಟೈಮ್ ನೋಡಿ ನಮ್ಮ ಗಾಡ್ಯಾಗ ಏನೋ ಊನ ಐತಿ ಅಂತ ತಲಿ ಕೆಡಿಸ್ಕೋಬ್ಯಾಡ್ರಿ.

ಈಗ ಖರೆ ಕೆಲಸಕ್ಕ ಬರೂಣು. ಕಾಲು ಮೈಲಿನ್ಯಾಗ ಟೈಮ್ ಎಲ್ಲಿ ಸಿಗತೈತಿ ಅಂದ್ರ ಮೊದಲ 60 ಅಡ್ಯಾಗ, 18 ಮೀಟರಿನ ಒಳಗ. ಅಲ್ಲಿ 0.1 ಸೆಕೆಂಡ್ ಉಳಿಸಿದ್ರ ಕೊನೆಗೆ 0.15ರಿಂದ 0.2 ಸೆಕೆಂಡ್ ಉಳಿತೈತಿ. ಅದ 0.2 ಸೆಕೆಂಡ್ ಇಂಜಿನ್‌ನಿಂದ ತರ್ತೀನಿ ಅಂದ್ರ ಎಷ್ಟು ಖರ್ಚಾಗತೈತಿ ಕೇಳ್ರಿ ಯಾರಿಗಾದ್ರೂ. ಅದಕ್ಕ ನಮ್ಮ ರೊಕ್ಕ ಹಿಂದಿನ ಗಾಲಿ ಕಡೆ ಹೋತು.

ಈ ಮಾಡೆಲ್ ಮಸ್ಟ್ಯಾಂಗಿಗೆ ಹಿಂದ ಇಂಡಿಪೆಂಡೆಂಟ್ ಸಸ್ಪೆನ್ಶನ್, ಹಳೇ ಮಸ್ಟ್ಯಾಂಗಿನಂಗ ಒಂದ ಗಟ್ಟಿ ಆಕ್ಸಲ್ ಅಲ್ಲ. ರಸ್ತೆ ಮ್ಯಾಲ ಅರಾಮ ಐತಿ, ಡ್ರ್ಯಾಗ್‌ನಾಗ ಒಂದು ರೋಗ ಐತಿ, ವೀಲ್ ಹಾಪ್. ಜೋರಾಗಿ ಬಿಟ್ರ ಹಿಂದಿನ ಗಾಲಿ ಹಿಡಿತೈತಿ, ಬಿಡತೈತಿ, ಮತ್ತ ಹಿಡಿತೈತಿ, ಗಾಡಿ ಹಿಂದ ಯಾರೋ ಸುತ್ತಿಗಿಲೆ ಬಡದಂಗ ದಡದಡ ಕುಣಿತೈತಿ. ಇದು ಬರೇ ಟೈಮ್ ತಿನ್ನೂದಲ್ಲ, ಹಿಂಗ ಕುಣಿಯೋ ಮುಂದ ಗಾಲಿ ತಿರುಗ್ಸೋ ಹಾಫ್ ಶಾಫ್ಟ್ ಮುರಿತೈತಿ. ಗ್ರಿಪ್ ಇರೋ ಟಾಯರ್ ಹಾಕಿ ಹಾಪ್ ಸರಿ ಮಾಡಲಿಲ್ಲ ಅಂದ್ರ ಇನ್ನೂ ಗಡಾನ ಮುರಿತೈತಿ, ಅದಕ್ಕ ಟಾಯರಿಗಿಂತ ಮೊದ್ಲು ಬುಶ್, ಅಂದ್ರ ಸಸ್ಪೆನ್ಶನ್ ಜೋಡಣಿಯೊಳಗಿನ ರಬ್ಬರ್.

ನಾವು ಏನ್ ಮಾಡಿದ್ವಿ ಅಂದ್ರ, ಗಾಡಿ ಎತ್ತಿ ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಶನ್ ಹೊರೋ ಚೌಕಟ್ಟು) ಮತ್ತ ಬಾಡಿ ಕೂಡೋ ಜಾಗದಾಗ ಬಿಳಿ ಪೇಂಟಿನ್ಯಾಗ ಒಂದು ನೇರ ಗೆರಿ ಎಳದ್ವಿ, ಅರ್ಧ ಸಬ್‌ಫ್ರೇಮ್ ಮ್ಯಾಲ ಅರ್ಧ ಬಾಡಿ ಮ್ಯಾಲ, ಮಗ್ಗಲಕ್ಕ ಹಳೇ ಫೋನ್ ಒಂದು ವೈರ್‌ಲೆ ಕಟ್ಟಿ ವಿಡಿಯೋ ಚಾಲೂ ಮಾಡಿದ್ವಿ. ಫ್ಯಾಕ್ಟ್ರಿ ಕಂಪೌಂಡ್ ಒಳಗ ಒಂದ ಒಂದು ಸಲ ಗಾಡಿ ಬಿಟ್ಟು ನಿಲ್ಲಿಸಿದಾ ನಮ್ಮ ತಮ್ಮ. ವಿಡಿಯೋ ನಿಧಾನಕ್ಕ ಓಡ್ಸಿ ನೋಡಿದ್ರ ಆ ಒಂದು ಗೆರಿ ಎರಡು ತುಂಡಾಗಿ ಹಿಂದಮುಂದ ಸರದಾಡ್ತಿತ್ತು. ರಬ್ಬರ್ ಬುಶ್ ಒಳಗ ಕಂಪನಿಯವ್ರು ಬೇಕಂತನ ಖಾಲಿ ಜಾಗ ಬಿಟ್ಟಿರ್ತಾರ, ಸದ್ದು ಒಳಗ ಬರಬಾರದು ಅಂತ. ಆ ಖಾಲಿ ಜಾಗ ತುಂಬೋ ಇನ್ಸರ್ಟ್ ಹೊರಗ ರೆಡಿನೂ ಸಿಗತಾವ, ನಾನು ಲೇಥ್ ಮ್ಯಾಲ ಕುಂತಾವ ಯಾಕ ತರಸ್ಲಿ ಅಂತ 6061 ಅಲ್ಯುಮಿನಿಯಂ ರಾಡ್ ತಗೊಂಡು ತಿರುವಿದೆ. ಮೊದಲನೇದು ಅರ್ಧ ಮಿಲಿಮೀಟರ್ ದಪ್ಪ ಆತು, ಬುಶ್ ಉಬ್ಬಿ ಬೋಲ್ಟ್ ಕುಂದ್ರಲಿಲ್ಲ. ನಮ್ಮಲ್ಲಿ ಮೂವತ್ತು ವರ್ಷದಿಂದ ಲೇಥ್ ನೋಡ್ಕೊಳ್ಳೋ ಕಾಕಾ ಕ್ಯಾಲಿಪರ್ ಹಿಡಿದು ನೋಡಿ, "ಸಾವ್ಕಾರ, ರಬ್ಬರಿಗೆ ಕಬ್ಬಿಣದ ಅಳತಿ ಹಿಡದ್ರ ಹೆಂಗರೀ, ಅದು ಮಂದಿಯಂಗ, ಸ್ವಲ್ಪ ಜಾಗ ಬಿಡಬೇಕು" ಅಂತ ನಕ್ಕ. ಎರಡನೇದು ಸರಿಯಾಗಿ ಕುಂತ್ತು. ಡಿಫರೆನ್ಶಿಯಲ್ (ಹಿಂದಿನ ಎರಡೂ ಗಾಲಿಗೆ ಶಕ್ತಿ ಹಂಚೋ ಗೇರಿನ ಡಬ್ಬಿ) ಬುಶ್ಶಿಗೆ ಅಲ್ಯುಮಿನಿಯಂ ಬ್ಯಾಡ, ಪಾಲಿಯುರಿಥೇನ್ ಹಾಕ್ರಿ, ಇಲ್ಲಾಂದ್ರ ಗೇರಿನ ಕುಂಯ್ ಅನ್ನೋ ಸದ್ದು 400 ಕಿಲೋಮೀಟರ್ ಪೂರಾ ಕಿವ್ಯಾಗ ಕುಂದರ್ತೈತಿ.

ಒಂದು ಮಾತು, ಉದ್ಯಮಬಾಗದಾಗ ಏನ್ ಬೇಕಾದ್ರೂ ಮಾಡಿಕೊಡ್ತಾರ, ಎರಕ ಹೊಯ್ತಾರ, ತಿರುವ್ತಾರ, ಹಾರ್ಡನಿಂಗ್ ಮಾಡ್ತಾರ, ಹಂಗಂತ ಎಲ್ಲಾನೂ ಮಾಡಿಸ್ಬ್ಯಾಡ್ರಿ. ಇನ್ಸರ್ಟ್ ತಪ್ಪಾದ್ರ ಸದ್ದು ಬರ್ತೈತಿ ಅಷ್ಟ. ಗಾಲಿಯ ದಿಕ್ಕು ಹಿಡಿಯೋ ಟೋ ಲಿಂಕ್, ಹಾಫ್ ಶಾಫ್ಟ್, ಗಾಲಿ ಹೊರಗ ಸರಸೋ ವೀಲ್ ಸ್ಪೇಸರ್ ತಪ್ಪಾದ್ರ ಗಾಡಿ ಕಬ್ಬಿನ ಗದ್ದ್ಯಾಗ ಇರ್ತೈತಿ. ಇವನ್ನ ಟೆಸ್ಟ್ ಆಗಿ ಬಂದ ಮಾಲ್ ಬಿಟ್ಟು ಬ್ಯಾರೆ ತಗೋಬ್ಯಾಡ್ರಿ, ನಾನೂ ಲೇಥ್‌ನಾವ ಇದ್ದು ಹೇಳಾಕತ್ತೀನಿ.

ಟಾಯರ್. ಎರಡು ಸೆಟ್ ಬೇಕ ಬೇಕು. ರಸ್ತೆಗೆ ಮಾಮೂಲಿ, ಸ್ಟ್ರಿಪ್ಪಿಗೆ ಹಿಂದ ಎರಡು ಡ್ರ್ಯಾಗ್ ರೇಡಿಯಲ್. ಒಂದ ಸೆಟ್ಟಿನ್ಯಾಗ ಮುಗಸ್ತೀನಿ ಅಂತ ಡ್ರ್ಯಾಗ್ ರೇಡಿಯಲ್ ಹಾಕ್ಕೊಂಡ ಹೋದ್ರ ನಿಪ್ಪಾಣಿ ಹತ್ರ ಒಂದು ಮಳಿ ಬಿದ್ರ ಸಾಕು, ಗೆರಿ ಕಡಿಮಿ ಇರೋ ಮೆತ್ತಗಿನ ಟಾಯರ್ ನೀರಿನ ಮ್ಯಾಲ ತೇಲ್ತೈತಿ. ರಿಮ್ ಸಣ್ಣದು ಮಾಡಿ ಟಾಯರಿನ ಗೋಡಿ ಎತ್ತರ ಮಾಡಿದ್ರ ಇನ್ನೂ ಚಲೋ ಹಿಡಿತೈತಿ, 18 ಇಂಚಿಗೆ ಇಳಿಬಹುದು, ಆದ್ರ ತಗೊಳ್ಳೂ ಮೊದ್ಲು ರಿಮ್ ಬ್ರೇಕ್ ಕ್ಯಾಲಿಪರಿಗೆ ಹಚ್ಚಿ ಕೈಲೆ ತಿರುವಿ ನೋಡ್ರಿ. ಎರಡು ಗಾಲಿ ಒಯ್ಯೂದು ಹೆಂಗ ಅಂದ್ರ ಒಂದು ಡಿಕ್ಕ್ಯಾಗ, ಒಂದು ಹಿಂದಿನ ಸೀಟ್ ಮಡಚಿ. ಮಸ್ಟ್ಯಾಂಗಿನ ಹಿಂದಿನ ಸೀಟಿನ್ಯಾಗ ಹೆಂಗಿದ್ರೂ ಮನಶ್ಯಾರು ಕುಂದ್ರಂಗಿಲ್ಲ.

ಸ್ಪ್ರಿಂಗ್ ತಗ್ಗ ಮಾಡೂದು, ಹಿಂದ ರೆಕ್ಕಿ ಹಚ್ಚೂದು ಬಿಟ್ಟಬಿಡ್ರಿ. ನಮ್ಮ ಕಡೆ ಒಂದೊಂದು ಹಂಪ್ ಸಮಾಧಿ ಕಟ್ಟಿದಂಗ ಕಟ್ಟಿರ್ತಾರ. ಡ್ರ್ಯಾಗಿಗೆ ಹೆಂಗಿದ್ರೂ ಮುಂದಿನ ಮೂತಿ ಹಗುರಕ ಏಳಬೇಕು, ಭಾರ ಹಿಂದಕ್ಕ ಹೋಗಬೇಕು. ಅದಕ್ಕ ನಾವು ಸ್ಟ್ರಿಪ್‌ನಾಗ ಮುಂದಿನ ಸ್ವೇ ಬಾರಿನ (ತಿರುವಿನ್ಯಾಗ ಗಾಡಿ ವಾಲದಂಗ ಹಿಡಿಯೋ ರಾಡ್) ಲಿಂಕ್ ಬಿಚ್ತೀವಿ, ಹತ್ತು ನಿಮಿಷದ ಕೆಲಸ. ಮನಿಗೆ ಹೊಂಡೂ ಮೊದ್ಲು ಮತ್ತ ಹಚ್ಚಬೇಕು, ಇಲ್ಲಾಂದ್ರ ಘಾಟಿನ ತಿರುವಿನ್ಯಾಗ ಗಾಡಿ ದೋಣಿಯಂಗ ವಾಲತೈತಿ.

ಇನ್ನ ಶಾಖ. ಸ್ಟ್ರಿಪ್‌ನಾಗ ಓಡೂದಕ್ಕಿಂತ ಸಾಲಿನ್ಯಾಗ ನಿಲ್ಲೂದ ಜಾಸ್ತಿ, ಬಿಸಲಾಗ ನಿಂತು ನಿಂತು ಇಂಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಹವಾ ಹಂಚೋ ಪೈಪ್) ಹಂಚಿನಂಗ ಆಗಿರ್ತೈತಿ. ಒಂದು ಓಟ ಆದ ಮ್ಯಾಲ ಬಾನೆಟ್ ಎತ್ತಿ, ಒಂದು ಚೀಲ ಬರ್ಫ ಮ್ಯಾನಿಫೋಲ್ಡ್ ಮ್ಯಾಲ ಇಡ್ರಿ, ನೀರು ವೈರಿಂಗ್ ಮ್ಯಾಲ ಇಳಿಯದಂಗ ಕೆಳಗ ಟವೆಲ್ ಹಾಕ್ರಿ, ಸಾಲು ಸರದಾಗ ಇಂಜಿನ್ ಚಾಲೂ ಮಾಡದ ಕೈಲೆ ದೂಕ್ರಿ, ನಾಲ್ಕು ಮಂದಿ ದೋಸ್ತರನ್ನ ಕರ್ಕೊಂಡು ಹೋಗೂದು ಮತ್ತ ಯಾಕ. ಇದು ಐವತ್ತು ರೂಪಾಯಿ ಬರ್ಫಿನ ಮಾಡಿಫಿಕೇಶನ್, ನಮ್ಮ ಇಂಟೇಕ್ ಕಿಟ್ಟಿಗಿಂತ ಜಾಸ್ತಿ ಕೆಲಸ ಮಾಡ್ತು. ಗೇರ್‌ಬಾಕ್ಸಿಗೆ ದೊಡ್ಡ ಆಯಿಲ್ ಕೂಲರ್ ಹಾಕ್ಸಿದ್ವಿ, ಇದಕ್ಕ ಕೊಟ್ಟ ರೊಕ್ಕಕ್ಕ ಬ್ಯಾಸರಿಲ್ಲ, ಗೋವಾದಿಂದ ಚೋರ್ಲಾ ಘಾಟ್ ಹತ್ತಿ ವಾಪಸ್ ಬರೂ ಮುಂದ ಅದರ ಬೆಲಿ ಗೊತ್ತಾತು. ಇಂಜಿನ್ ಎಣ್ಣಿ ಇದಕ್ಕ 7.6 ಲೀಟರ್ ಹಿಡಿತೈತಿ, ಸ್ಟ್ರಿಪ್ಪಿಗೆ ಹೋಗೂ ಮೊದ್ಲು ಬದಲಿಸಿ ಡಿಪ್‌ಸ್ಟಿಕ್ ನೋಡ್ಕೊಂಡ ಹೋಗ್ರಿ.

ಪೆಟ್ರೋಲಿನ ಮಾತು ನಮ್ಮೂರಾಗ ಬ್ಯಾರೆನ ಇರ್ತೈತಿ, ಯಾಕಂದ್ರ ಬೆಳಗಾವಿ ಬಾಗಲಕೋಟಿ ಕಬ್ಬಿನ ಫ್ಯಾಕ್ಟ್ರ್ಯಾಗ ಆದ ಎಥೆನಾಲ್ ನಮ್ಮ ಟ್ಯಾಂಕಿನ್ಯಾಗ ವಾಪಸ್ ಬರ್ತೈತಿ. ಎಥೆನಾಲಿನಿಂದ ಆಕ್ಟೇನ್ ಏರ್ತೈತಿ, ನಾಕ್ ತಡಿತೈತಿ, ಅಮೆರಿಕಾದ ಡ್ರ್ಯಾಗ್ ಮಂದಿ ಇ85 (ನೂರಕ್ಕ 85ರವರೆಗೆ ಎಥೆನಾಲ್) ಅಂತ ಹುಡುಕ್ಕೊಂಡು ಹೋಗಿ ಹಾಕಸ್ತಾರ. ಆದ್ರ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮಿ, ಅದಕ್ಕ ಇ20 (ನೂರಕ್ಕ 20 ಎಥೆನಾಲ್) ಹಾಕಿದ್ರ ಇಂಜಿನ್ ಆರೇಳು ಪರ್ಸೆಂಟ್ ಜಾಸ್ತಿ ಕುಡಿತೈತಿ, ಇ85ಗೆ ಇಂಜೆಕ್ಟರ್ ಪಂಪ್ ಎಲ್ಲಾ ದೊಡ್ಡದು ಬೇಕು. ನಮ್ಮ ಇಂಜಿನ್ ಕಂಪ್ರೆಶನ್ 11:1 ಐತಿ, ಸಾದಾ ಪೆಟ್ರೋಲಿಗೆ ಬ್ಯಾಸಿಗ್ಯಾಗ ಟೈಮಿಂಗ್ ಕಡ್ಕೋತೈತಿ. ಊರಾಗ ತಿರುಗಾಡಾಕ 95 ಆಕ್ಟೇನ್ ಸಾಕು, ಸ್ಟ್ರಿಪ್ ದಿನ ಪುಣೆ ಕಡೆ 100 ಆಕ್ಟೇನ್ ಸಿಕ್ರ ಹಾಕ್ಸ್ರಿ, ಹಳೇದು ಖಾಲಿ ಮಾಡ್ಕೊಂಡು ಹಾಕ್ಸ್ರಿ. ಟ್ಯೂನ್ (ಇಸಿಯು ಒಳಗಿನ ಲೆಕ್ಕ) ಯಾವ ಪೆಟ್ರೋಲಿಗೆ ಮಾಡೇತಿ ಅದನ್ನ ಬಿಟ್ಟು ಕೆಳಗಿನದು ಹಾಕಿ ಜೋರ್ ಓಡ್ಸಬ್ಯಾಡ್ರಿ. ಮಳಿಗಾಲದಾಗ ಎರಡು ತಿಂಗಳು ಗಾಡಿ ನಿಲ್ಲಸೂದಿದ್ರ ಟ್ಯಾಂಕ್ ತುಂಬ್ಸಿ ನಿಲ್ಸ್ರಿ, ಎಥೆನಾಲ್ ಹವಾದಾಗಿನ ನೀರು ಎಳಕೋತೈತಿ, ಟ್ಯಾಂಕಿನ್ಯಾಗ ಹವಾಕ್ಕ ಜಾಗ ಕಡಿಮಿ ಇದ್ದಷ್ಟೂ ಚಲೋ.

ಟ್ಯೂನ್ ಈಗ ಮಾಡ್ಸ್ರಿ, ಎಲ್ಲಾದ್ರ ಕೊನೆಗೆ, ಲಾಗ್ ಕೈಯಾಗ ಇಟ್ಕೊಂಡು. ಗಾಡಿ ನೋಡದ ಮೇಲ್‌ನಾಗ ಫೈಲ್ ಕಳಿಸಿ ರೊಕ್ಕ ತಗೊಳ್ಳೋರು ಅದಾರ, ಹಂಗ ಬಂದ ಒಂದು ಫೈಲ್ ಅಮೆರಿಕಾದ ಪೆಟ್ರೋಲ್ ಲೆಕ್ಕಕ್ಕ ಇತ್ತು, ಹಾಕಿದ ಮೊದಲ ದಿನನ ನಾಕ್ ನೋಡಿ ತೆಗೆದ್ವಿ. ಡೈನೊ (ಗಾಡಿ ನಿಂತಲ್ಲೇ ಓಡ್ಸಿ ಪವರ್ ಅಳೆಯೋ ಮಶೀನ್) ಮ್ಯಾಲ ನಿಮ್ಮ ಗಾಡಿ, ನಿಮ್ಮ ಪೆಟ್ರೋಲ್ ಇಟ್ಕೊಂಡು ಮಾಡೋರ ಹತ್ರನ ಹೋಗ್ರಿ. ಹೆಡರ್ (ಇಂಜಿನ್ನಿನಿಂದ ಹೊಗಿ ಹೊರಗ ತರೋ ಪೈಪ್) ಹಾಕಸೋ ಆಸೆ ಇದ್ರ ಒಂದು ನೆನಪಿಟ್ಕೋರಿ, ಅಮೆರಿಕಾದ ಗಾಡಿಗೆ ಸ್ಟೇರಿಂಗ್ ಎಡಕ್ಕ, ನಮ್ಮದು ಬಲಕ್ಕ, ಸ್ಟೇರಿಂಗ್ ಶಾಫ್ಟ್ ಹೆಡರ್ ಪೈಪಿನ ಜಾಗದಾಗ ಇಳಿದು ಬರ್ತೈತಿ. ಅಲ್ಲಿಯ ಲಾಂಗ್ ಟ್ಯೂಬ್ ಹೆಡರ್ ಇಲ್ಲಿ ಕುಂದ್ರಂಗಿಲ್ಲ, ರೈಟ್ ಹ್ಯಾಂಡ್ ಗಾಡಿಗೆ ಅಂತನ ಮಾಡಿದ್ದು ಬೇಕು. ಹಿಂದಿನ ಸೈಲೆನ್ಸರ್ ಅಷ್ಟ ಬದಲಿಸಿದ್ರ ಪವರ್ ಏನೂ ಬರಂಗಿಲ್ಲ, ಓಣ್ಯಾಗಿನ ನಾಯಿ ಏಳತಾವ ಅಷ್ಟ.

ಇಂಜಿನ್ನಿಗೆ ಹವಾ ಒತ್ತಿ ತುಂಬೋ ಸೂಪರ್‌ಚಾರ್ಜರ್ ಬಗ್ಗೆ ಎಲ್ಲಾರೂ ಕೇಳ್ತಾರ. ಹಾಕ್ಬಹುದು, ಪವರ್ ಹುಚ್ಚುಹುಚ್ಚಾಗಿ ಬರ್ತೈತಿ, ಆದ್ರ ಈ ಇಂಜಿನ್ನಿನ ಆಯಿಲ್ ಪಂಪಿನ ಗೇರ್ ಪೌಡರ್ ಮೆಟಲ್ಲಿಂದು, ಬೂಸ್ಟ್ ಹಾಕಿ ರೆವ್ ಲಿಮಿಟರಿಗೆ ಬಡಿಸಿದ್ರ ಬಿಸ್ಕೀಟಿನಂಗ ಒಡಿತೈತಿ, ಎಣ್ಣಿ ನಿಂತು ಇಂಜಿನ್ ಹೋಗ್ತೈತಿ. ಅದರ ಗೇರ್, ಕ್ರ್ಯಾಂಕ್ ಸ್ಪ್ರಾಕೆಟ್, ಹಾಫ್ ಶಾಫ್ಟ್, ಕೂಲಿಂಗ್, ಪೆಟ್ರೋಲ್ ಎಲ್ಲಾ ಲೆಕ್ಕ ಹಾಕಿ ಆಮ್ಯಾಲ ಹೇಳ್ರಿ. ನಾವು ಹಾಕಿಲ್ಲ.

ಬ್ರೇಕ್ ಮರಿಬ್ಯಾಡ್ರಿ. ಸ್ಟಾಕ್ ಗಾಡಿನ 402 ಮೀಟರ್ ದಾಟೂ ಮುಂದ 170 ದಾಟಿರ್ತೈತಿ. ಬ್ರೇಕ್ ಎಣ್ಣಿ ಹೊಸಾದು ಹಾಕ್ರಿ, ಪ್ಯಾಡ್ ನೋಡ್ರಿ, ಹಳೇ ಎಣ್ಣ್ಯಾಗ ನೀರು ಸೇರಿದ್ರ ಅದು ಕುದ್ದು ಪೆಡಲ್ ನೆಲಕ್ಕ ಹೋಗ್ತೈತಿ.

ಕಾಯ್ದೆ. ಮೋಟಾರ್ ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಸ್ಪೆಸಿಫಿಕೇಶನ್ ಬಿಟ್ಟು ಗಾಡಿ ಬದಲು ಮಾಡಾಕ ಬರಂಗಿಲ್ಲ, 2019ರಾಗ ಸುಪ್ರೀಂ ಕೋರ್ಟೂ ಅದನ್ನ ಹೇಳೇತಿ. 182ಎ ಒಳಗ ಒಂದೊಂದು ಬದಲಾವಣಿಗೂ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಹಂಗಾಗಿ ನಮ್ಮ ಪಟ್ಟಿಯಾಗ ಇರೂದೆಲ್ಲಾ ವಾಪಸ್ ತೆಗೆಯಾಕ ಬರೂವಂಥಾವು, ಕಂಪನಿ ಪಾರ್ಟ್ ಎಲ್ಲಾ ಅಟ್ಟದ ಮ್ಯಾಲ ಹೆಸರು ಬರದು ಇಟ್ಟೀವಿ, ಇನ್ಶುರನ್ಸ್‌ನವ್ರಿಗೂ ಹೇಳೀವಿ. ಸಾಂಬ್ರಾ ರೋಡ್ ರಾತ್ರಿ ಖಾಲಿ ಇರ್ತೈತಿ ಅಲ್ಲೇ ಒಂದು ಕೈ ನೋಡೂಣು ಅನ್ನೋರಿಗೆ, 189ನೇ ಕಲಂ ಮೂರು ತಿಂಗಳವರೆಗೆ ಜೈಲು ಇಲ್ಲಾ 5000 ದಂಡ ಇಲ್ಲಾ ಎರಡೂ, ಎರಡನೇ ಸಲಕ್ಕ ಒಂದು ವರ್ಷದವರೆಗೆ ಇಲ್ಲಾ 10,000 ಇಲ್ಲಾ ಎರಡೂ. ಅದಿರ್ಲಿ, ಕಬ್ಬಿನ ಸೀಜನ್ನಾಗ ಎರಡು ಟ್ರೇಲಿ ಕಟ್ಟಿದ ಟ್ರ್ಯಾಕ್ಟರ್ ಹಿಂದ ಲೈಟ್ ಇಲ್ಲದ, ರೇಡಿಯಂ ಇಲ್ಲದ, ಕತ್ತಲ್ಯಾಗ ಕರಿ ಗೋಡಿಯಂಗ ಹೊಂಟಿರ್ತೈತಿ. 60ರಾಗ ಹೊಂಟಾಗನ ನಾನು ಎರಡು ಸಲ ಎದಿ ಹಿಡ್ಕೊಂಡೀನಿ. ಎಫ್‌ಎಂಎಸ್‌ಸಿಐ (ಮೋಟಾರ್ ರೇಸ್ ನೋಡ್ಕೊಳ್ಳೋ ದೇಶದ ಸಂಸ್ಥೆ) ಒಪ್ಪಿಗಿ ಇರೋ ಇವೆಂಟಿಗೆ ಲೈಸೆನ್ಸ್ ಮಾಡ್ಸಿ, ಹೆಲ್ಮೆಟ್ ಹಾಕ್ಕೊಂಡು ಓಡ್ಸ್ರಿ.

ಸ್ಟ್ರಿಪ್ ದಿನ. ಟ್ಯಾಂಕ್ ಕಾಲು ಭಾಗ ಇರಲಿ, ಡಿಕ್ಕಿ ಖಾಲಿ ಮಾಡ್ರಿ, 45 ಕಿಲೊ ಇಳಿಸಿದ್ರ ಸುಮಾರು 0.1 ಸೆಕೆಂಡ್ ಅಂತ ಹಳೇ ಲೆಕ್ಕ, ನಮ್ಮ ತಮ್ಮನ ಸಬ್‌ವೂಫರ್ ಒಂದ 25 ಕಿಲೊ ಇತ್ತು. ಹಿಂದಿನ ಡ್ರ್ಯಾಗ್ ರೇಡಿಯಲ್ ಹವಾ 20 ಪಿಎಸ್‌ಐ ಆಸುಪಾಸು ಶುರು ಮಾಡ್ರಿ, ಒಂದೊಂದು ಓಟಕ್ಕ ಒಂದೊಂದ ಪಿಎಸ್‌ಐ ಬದಲಿಸಿ 60 ಅಡಿ ಟೈಮ್ ಬರ್ಕೋರಿ, ಮುಂದ 40. ಒಂದು ಓಟಕ್ಕ ಒಂದ ಬದಲಾವಣಿ, ಎರಡು ಮಾಡಿದ್ರ ಯಾವುದರಿಂದ ಆತು ಅಂತ ತಿಳಿಯಂಗಿಲ್ಲ. ನೀರು ಚೆಲ್ಲಿದ ಜಾಗದಾಗ ಗಾಲಿ ಇಡಬ್ಯಾಡ್ರಿ, ಸುತ್ತು ಹಾಕ್ಕೊಂಡು ಹೋಗ್ರಿ, ಟಾಯರಿನ ಗೆರ್ಯಾಗ ನೀರು ಕುಂತು ಓಟ ಶುರು ಆಗೋ ಗೆರಿತನಕ ಬರ್ತೈತಿ. ಬರ್ನೌಟ್ (ಗಾಡಿ ನಿಂತಲ್ಲೇ ಹಿಂದಿನ ಗಾಲಿ ತಿರುಗ್ಸೂದು) ಎರಡು ಮೂರು ಸೆಕೆಂಡ್ ಸಾಕು, ಧೂಳು ಹೋಗಿ ಸ್ವಲ್ಪ ಬಿಸಿ ಆದ್ರ ಆತು, ಹೊಗಿ ಎಬ್ಬಿಸೂದು ಮೊಬೈಲ್ ಹಿಡದು ನಿಂತೋರಿಗೆ.

ಓಟ ಶುರು ಆಗೋ ಲೈಟ್ ಕಂಬದ ಹತ್ರ ನಿಧಾನಕ್ಕ ಸರದು, ಗಾಡಿ ಗೆರಿಗೆ ಸರಿಯಾಗಿ ನಿಂತದ್ದು ತೋರ್ಸೋ ಕಂಬದ ಮ್ಯಾಲಿನ ಎರಡೂ ಲೈಟ್ ಹತ್ತೂಹಂಗ ನಿಲ್ಸ್ರಿ. ಎಡಗಾಲು ಬ್ರೇಕ್ ಮ್ಯಾಲ, ಬಲಗಾಲಿಲೆ 1500 ಆರ್‌ಪಿಎಂ ತನಕ ಏರ್ಸ್ರಿ, ಎರಡು ಸೆಕೆಂಡಿಗಿಂತ ಜಾಸ್ತಿ ಹಂಗ ಹಿಡಿಬ್ಯಾಡ್ರಿ, ಗೇರ್‌ಬಾಕ್ಸ್ ಎಣ್ಣಿ ಕುದಿತೈತಿ. ನಮ್ಮಲ್ಲಿ ಏರ್‌ಸ್ಟ್ರಿಪ್ಪಿಗೆ ಅಮೆರಿಕಾದಂಗ ಅಂಟು ಹಚ್ಚಿ ರಬ್ಬರ್ ಕೂಡಿಸಿರಂಗಿಲ್ಲ, ಒಮ್ಮೆಲೆ ಪೂರಾ ತುಳಿದ್ರ ಗಾಲಿ ಅಲ್ಲೇ ತಿರಗತೈತಿ. ಬ್ರೇಕ್ ಬಿಟ್ಟ ಕೂಡ್ಲೆ ಅರ್ಧ ತುಳಿರಿ, ಗಾಡಿ ಹಿಂದ ಕುಂತದ್ದು ಗೊತ್ತಾಗತೈತಿ, ಆವಾಗ ಪೂರಾ. ನಮ್ಮ ತಮ್ಮಗ ಇದು ಕಲಿಯಾಕ ಆರು ಓಟ ಬೇಕಾತು, ಮೊದಲನೇದಕ್ಕೂ ಆರನೇದಕ್ಕೂ 0.6 ಸೆಕೆಂಡ್ ವ್ಯತ್ಯಾಸ ಬಂತು, ಗಾಡಿಗೆ ಏನೂ ಮುಟ್ಟದ. ಲೈಟ್ ಹಸಿರಾದ ಮ್ಯಾಲ ನೀವು ತಡಾ ಮಾಡಿದ್ದು ಓಟದ ಟೈಮಿನ್ಯಾಗ ಸೇರಂಗಿಲ್ಲ, ಗಾಡಿ ಸರದಾಗ ಗಡಿಯಾರ ಶುರು, ಹಂಗಾಗಿ ಟೈಮ್ ಚಲೋ ಬಂದ್ರೂ ಮಗ್ಗಲಿನಾವನ ಕೂಡ ಸೋಲಬಹುದು, ಸೋತೀವಿ.

ಮುಗಿದ ಮ್ಯಾಲ ರಸ್ತೆ ಗಾಲಿ ಹಾಕ್ರಿ, ನಾಲ್ಕೂ ಗಾಲಿ ಹವಾ ಬಾಗಿಲಿನ ಸ್ಟಿಕರ್ ನೋಡಿ ತುಂಬ್ರಿ, ಸ್ವೇ ಬಾರ್ ಲಿಂಕ್ ಹಚ್ಚಿದ್ರೇನ್ರಿ ಅಂತ ಒಬ್ರು ಇನ್ನೊಬ್ರನ್ನ ಕೇಳ್ರಿ. ಗಾಲಿ ನಟ್ 204 ನ್ಯೂಟನ್ ಮೀಟರ್, ಟಾರ್ಕ್ ರೆಂಚಿಲೆ, ಕಾಲಿಲೆ ಪಾನಾ ತುಳಿದು ಅಲ್ಲ. 80 ಕಿಲೋಮೀಟರ್ ಆದ ಮ್ಯಾಲ ನಿಲ್ಲಿಸಿ ಮತ್ತೊಮ್ಮೆ ನೋಡ್ರಿ, ನಾವು ಪುಣೆ ದಾಟಿ ಚಾಕ್ಕ ನಿಂತಾಗ ನೋಡ್ತೀವಿ. ಹೋದ ಸಲ ಹಿಂದಿನ ಎಡಗಾಲಿಯ ಒಂದು ನಟ್ ಕಾಲು ಸುತ್ತು ತಿರುಗಿತು, ಚಾ ಆರೂ ತನಕ ಉಳಿದ ಹತ್ತೊಂಬತ್ತೂ ನೋಡಿ ಹೊಂಟ್ವಿ.